ಕೇಳಿ ಹೇಳ್ತೀನಿ: ‘ಈ ಕೆಲಸ ನಂಗೆ ನಿಜವಾಗ್ಲೂ ಬರುತ್ತಾ?’

ಹಿರಿಯರ ಜೊತೆ ಕೆಲಸ ಮಾಡೋರು ನಿಮ್ಮ ಕಷ್ಟಸುಖ ಬರೀರಿ ಅಂತ ಹೋದ ಸಂಚಿಕೇಲಿ ಕೇಳಿದ್ದೆ. ಸಂಬಳ ಸಾಲಲ್ಲ, ಬಸ್ ಚಾರ್ಜು ಕೊಡಲ್ಲ ಅಂತ ಬರೀತಾರೆ ಅಂದ್ಕೊಂಡಿದ್ದೆ, ಅದನ್ನೂ ಬರ್ದಿದಾರೆ ಬಿಡಿ, ಆದ್ರೆ ಮುಕ್ಕಾಲು ಪಾಲು ಕಾಗದದಲ್ಲಿ ಇರೋದು ಒಂದೇ ಮಾತು, ಈ ಕೆಲಸ ನಂಗೆ ಬರುತ್ತಾ ಇಲ್ಲ ಬರೋ ಹಾಗೆ ನಾಟಕ ಆಡ್ತಿದೀನಾ ಅಂತ. ಅದಕ್ಕೇ ಈ ಸಲ ಅತ್ತೆ ಸೊಸೆ, ಜಾತಕ, ಕೂದಲು ಉದುರೋದು ಎಲ್ಲಾ ಪಕ್ಕಕ್ಕಿಟ್ಟು ಇದೊಂದನ್ನೇ ತಗೊಂಡಿದೀನಿ. ಗುರುತು ಸಿಗೋ ಹಾಗಿದ್ದ ವಿವರ ಬದಲಾಯಿಸಿದೀನಿ, ಯಾರೂ ಗಾಬರಿ ಆಗ್ಬೇಡಿ.

ಪ್ರಶ್ನೆ: ಅಕ್ಕಾ ನಮಸ್ತೆ. ನಂಗೆ 24 ವರ್ಷ, ಊರು ಹೊಳೆನರಸೀಪುರದ ಹತ್ರ. ಎಂಎಸ್‌ಡಬ್ಲ್ಯೂ (ಸೋಶಿಯಲ್ ವರ್ಕ್ ಮಾಸ್ಟರ್ ಡಿಗ್ರಿ) ಮುಗಿಸಿ 8 ತಿಂಗಳಿಂದ ಹಾಸನದಲ್ಲಿ ಒಂದು ಸಂಸ್ಥೇಲಿದೀನಿ, ಒಂಟಿಯಾಗಿರೋ ಹಿರಿಯರ ಮನೆಗೆ ಹೋಗಿ ವಿಚಾರಿಸ್ಕೊಂಡು ಬರೋ ಕೆಲಸ. ಕಾಲೇಜಲ್ಲಿ ಫಸ್ಟ್ ಬರ್ತಿದ್ದೋಳು ನಾನು. ಇಲ್ಲಿ ಒಬ್ರಜ್ಜಿ ಮೊದಲನೇ ದಿನಾನೇ ‘ಅಲ್ಲಾ ಮಗಾ, ನಿಂಗಿನ್ನೂ ಮದ್ವೇನೇ ಆಗಿಲ್ಲ, ಸೊಸೆ ಕಾಟ ಅಂದ್ರೇನು ಅಂತ ನಿಂಗೇನು ಗೊತ್ತು’ ಅಂದ್ಬಿಟ್ರು, ನಂಗೆ ಉತ್ತರಾನೇ ಬರ್ಲಿಲ್ಲ. ಇನ್ನೊಬ್ರು ಅಜ್ಜಿನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೆ, ಡಾಕ್ಟ್ರು ನನ್ನ ಮಾತು ಅರ್ಧಕ್ಕೇ ನಿಲ್ಸಿ ‘ನೀನು ಪೇಷಂಟ್ ಮೊಮ್ಮಗಳಾ’ ಅಂದ್ರು. ನಾನು ಸೋಶಿಯಲ್ ವರ್ಕರ್ ಅಂತ ಹೇಳೋಕೂ ಬಾಯಿ ಬರಲ್ಲ. ಒಂದಿನ ಎಲ್ರಿಗೂ ಗೊತ್ತಾಗೋಗುತ್ತೆ ಇವ್ಳಿಗೆ ಏನೂ ಬರಲ್ಲ ಅಂತ, ಆ ಭಯದಲ್ಲೇ ಬಸ್ ಹತ್ತುತೀನಿ.

ಉತ್ತರ: ನೋಡಮ್ಮ, ಆ ಅಜ್ಜಿ ಕೇಳಿದ್ದು ಸರಿಯಾಗೇ ಇದೆ. ಸೊಸೆ ಕಾಟ ನಿಂಗೆ ಗೊತ್ತಿಲ್ಲ. ಗೊತ್ತಿರೋಳ ಹಾಗೆ ತಲೆ ಆಡ್ಸಿದ್ರೆ ಎರಡು ನಿಮಿಷದಲ್ಲಿ ಹಿಡೀತಾರೆ, ಜೀವಮಾನ ಪೂರ್ತಿ ಸಂತೇಲಿ ತೂಕ ನೋಡಿ ವ್ಯಾಪಾರ ಮಾಡಿರೋ ಕಣ್ಣು ಅದು. ‘ಹೌದಜ್ಜಿ ನಂಗೊತ್ತಿಲ್ಲ, ನೀವೇ ಹೇಳಿ’ ಅಂದು ಸುಮ್ನೆ ಕೂತ್ಕೋ, ಆಮೇಲೆ ನಿಲ್ಸೋದು ಕಷ್ಟ ಆಗುತ್ತೆ ಅಷ್ಟೇ.

ನಾನೂ ಇದೇ ಕೆಲಸಕ್ಕೆ ಸೇರಿದ್ದು 1988ರಲ್ಲಿ, ಮೊದಲನೇ ಮನೆ ಅರಕಲಗೂಡು ಕಡೆ ಒಂದು ಹಳ್ಳೀಲಿ. ಕೈಯಲ್ಲಿ 42 ಪ್ರಶ್ನೆ ಇರೋ ಫಾರಂ, ಇಸ್ತ್ರಿ ಮಾಡಿದ ಕಾಟನ್ ಸೀರೆ, ಬಾಯಲ್ಲಿ ಪುಸ್ತಕದ ಕನ್ನಡ, ‘ತಮ್ಮ ಮಾಸಿಕ ಆದಾಯ ಎಷ್ಟು’ ಅಂತ ಶುರು ಮಾಡಿದೆ. ಅಜ್ಜಿ ನನ್ನ ಮೇಲಿಂದ ಕೆಳಗೆ ನೋಡಿ ಒಂದು ಕುಟ್ಟಾಣಿ ಕೈಗೆ ಕೊಟ್ಟು ‘ಹಲ್ಲಿಲ್ಲ ಕಣವ್ವ, ಮೊದ್ಲು ಇದನ್ನ ಕುಟ್ಟು’ ಅಂದ್ರು. ಕುಟ್ಟಿದೆ. ಎಲೆ ಅಡಿಕೆ ನುಣ್ಣಗಾಗೋ ಹೊತ್ತಿಗೆ ಮಗ ಬೆಂಗಳೂರಲ್ಲಿ ಏನ್ಮಾಡ್ತಾನೆ, ದುಡ್ಡು ಕಳ್ಸಿ ಎಷ್ಟು ತಿಂಗಳಾಯ್ತು, ರಾತ್ರಿ ಬಚ್ಚಲಿಗೆ ಹೋಗೋಕೆ ಯಾಕೆ ಭಯ, ಎಲ್ಲಾ ಹೇಳಿದ್ರು, ಫಾರಂ ಮುಕ್ಕಾಲು ತುಂಬ್ತು. ಪಿಂಚಣಿ ವಿಷ್ಯ ಏನೋ ಕೇಳಿದ್ರು, ನಂಗೆ ಗೊತ್ತಿರ್ಲಿಲ್ಲ. ಗೊತ್ತಿಲ್ಲಜ್ಜಿ, ಕೇಳ್ಕೊಂಡು ಮುಂದಿನ ಬುಧವಾರ ಬರ್ತೀನಿ ಅಂದೆ. ಬುಧವಾರ ಹೋದಾಗ ಅವರು ಅಂದಿದ್ದು ‘ಬಂದ್ಯಾ? ಬತ್ತೀನಿ ಅಂದೋರು ಯಾರವ್ವ ಬತ್ತಾರೆ’. ನನ್ನ ಡಿಗ್ರಿ ಏನು ಅಂತ ಆ ಅಜ್ಜಿ ಸಾಯೋವರೆಗೂ ಕೇಳ್ಲಿಲ್ಲ. ಹಾಸನಾಂಬೆ ಬಾಗ್ಲು ತೆಗ್ಯೋ ಹಾಗೆ ವರ್ಷಕ್ಕೊಂದ್ಸಲ ಮುಖ ತೋರ್ಸೋ ಮಕ್ಕಳಿರೋ ಮನೇಲಿ, ಹೇಳಿದ ದಿನ ಬರೋಳು ಅನ್ನಿಸ್ಕೊಂಡ್ರೆ ಸಾಕು, ನಿನ್ನ ವಯಸ್ಸು ಮದ್ವೆ ಯಾವ್ದೂ ಅಡ್ಡ ಬರಲ್ಲ.

ಇನ್ನು ‘ಏನೂ ಬರಲ್ಲ’ ಅಂತೀಯಲ್ಲ ಅದಕ್ಕೆ. ಆಲ್ಬರ್ಟ್ ಬಂಡೂರ ಅನ್ನೋ ಮನಶ್ಶಾಸ್ತ್ರಜ್ಞರು 1977ರಲ್ಲಿ ‘ನನ್ನ ಕೈಲಾಗುತ್ತೆ’ ಅನ್ನೋ ನಂಬಿಕೆ ಬಗ್ಗೆ ಬರೆದಿದ್ದನ್ನ ನೀನೂ ಓದಿರ್ತೀಯ, ಪರೀಕ್ಷೆ ಆದ್ಮೇಲೆ ಮರ್ತಿರ್ತೀಯ. ಅವರು ಹೇಳೋ ನಂಬಿಕೆ ಒಟ್ಟಾರೆ ಧೈರ್ಯ ಅಲ್ಲ, ಈ ಒಂದು ಕೆಲಸ ನನ್ನ ಕೈಲಾಗುತ್ತೆ ಅನ್ನೋದು, ಅದು ಎಲ್ಲಕ್ಕಿಂತ ಜಾಸ್ತಿ ಬರೋದು ಆ ಕೆಲಸಾನ ಸ್ವಂತ ಕೈಯಲ್ಲಿ ಒಂದ್ಸಲ ಮಾಡಿ ಮುಗಿಸಿದಾಗ. ನಮ್ಮಂಥೋರೇ ಇನ್ನೊಬ್ರು ಮಾಡೋದು ನೋಡಿದ್ರೂ ಬರುತ್ತೆ, ಬೇಕಾದೋರು ‘ನಿನ್ನ ಕೈಲಾಗುತ್ತೆ’ ಅಂದ್ರೂ ಸ್ವಲ್ಪ ಬರುತ್ತೆ, ಆಮೇಲೆ ಎದೆ ಡವಡವ ಅನ್ನೋದನ್ನ ನಾವು ಹೆಂಗೆ ಅರ್ಥ ಮಾಡ್ಕೋತೀವಿ ಅನ್ನೋದ್ರ ಮೇಲೂ ಇದೆ. ಅದಕ್ಕೇ ಸೋಶಿಯಲ್ ವರ್ಕ್ ಬರುತ್ತಾ ಅಂತ ಕೇಳ್ಕೋಬೇಡ, ಅದಕ್ಕೆ ಉತ್ತರಾನೇ ಇಲ್ಲ, 31 ವರ್ಷ ಮಾಡಿ ರಿಟೈರ್ ಆದ ನನ್ನ ಹತ್ರಾನೂ ಇಲ್ಲ. ವಯಸ್ಸಾದೋರಿಗೆ ಸರ್ಕಾರ ಕೊಡೋ ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಹಾಕ್ಸೋಕೆ ಬರುತ್ತಾ ಅಂತ ಕೇಳ್ಕೋ. 65 ತುಂಬಿರಬೇಕು, ನಾಡಕಚೇರೀಲಿ ಕೊಡ್ಬೇಕು, ಮಂಜೂರಾದ್ರೆ ತಿಂಗಳಿಗೆ 1,200 ರೂಪಾಯಿ. ಒಬ್ರದ್ದು ಶುರುವಿಂದ ಕೊನೇವರೆಗೂ ನೀನೇ ಓಡಾಡಿ ಮಾಡ್ಸು, ತೋಟದಲ್ಲಿ ದುಡಿದ ಬೆರಳಿನ ಗೆರೆ ಸವೆದು ಆಧಾರ್ ಮೆಷಿನ್ ತಗೊಳ್ಳದೇ ಇದ್ದಾಗ ಏನ್ಮಾಡ್ಬೇಕು ಅಂತ ಕೌಂಟರ್‌ನೋರ ಹತ್ರಾನೇ ಕಲಿ. ಎರಡನೇ ಸಲ ಅದೇ ಕೌಂಟರ್ ಮುಂದೆ ನಿಂತಾಗ ನಿನ್ನ ದನಿ ನಿಂಗೇ ಬೇರೆ ಥರ ಕೇಳ್ಸುತ್ತೆ. ಸಿಕ್ಕಿಬೀಳ್ತೀನಿ ಅನ್ನೋ ಭಯಕ್ಕೂ ಇಂಪೋಸ್ಟರ್ ಫಿನಾಮೆನನ್ ಅಂತ ಹೆಸರಿದೆ, 1978ರಲ್ಲೇ ಪಾಲಿನ್ ಕ್ಲಾನ್ಸ್, ಸುಸಾನ್ ಐಮ್ಸ್ ಅಂತ ಇಬ್ರು ಹೆಂಗಸರು ಅದರ ಬಗ್ಗೆ ಬರೆದ್ರು, ಅವರು ನೋಡಿದ್ದು ಓದಿನಲ್ಲಿ ಕೆಲಸದಲ್ಲಿ ಮುಂದಿದ್ದ ಹೆಂಗಸರನ್ನೇ, ನಿನ್ ಥರ ಫಸ್ಟ್ ಬರ್ತಿದ್ದೋರು.

ಡಾಕ್ಟ್ರ ವಿಷ್ಯ. ‘ಸಾರ್ ಅಜ್ಜಿಗೆ ತುಂಬಾ ಕಷ್ಟ’ ಅಂದ್ರೆ ಯಾವ ಡಾಕ್ಟ್ರೂ ತಲೆ ಎತ್ತಲ್ಲ, ಹೊರಗೆ 60 ಜನ ಕಾಯ್ತಿರ್ತಾರೆ. 1963ರಲ್ಲಿ ಕಾಟ್ಜ್ ಅನ್ನೋ ಡಾಕ್ಟ್ರು ಮಾಡಿಟ್ಟ ಒಂದು ಲೆಕ್ಕ ಇದೆ. ಸ್ನಾನ, ಬಟ್ಟೆ ಹಾಕ್ಕೊಳೋದು, ಕಕ್ಕಸಿಗೆ ಹೋಗಿ ಬರೋದು, ಹಾಸಿಗೆಯಿಂದ ಎದ್ದು ಕುರ್ಚಿಗೆ ಬರೋದು, ಮಲಮೂತ್ರದ ಹತೋಟಿ, ಊಟ ಮಾಡೋದು, ಈ 6ರಲ್ಲಿ ಯಾವ್ದು ತಾವೇ ಮಾಡ್ಕೋತಾರೆ ಯಾವ್ದಕ್ಕೆ ಇನ್ನೊಬ್ರು ಬೇಕು ಅಂತ. ‘ಹೋದ ತಿಂಗಳು 6ಕ್ಕೆ 6 ಇತ್ತು ಸಾರ್, ಈಗ 4, ಸ್ನಾನಕ್ಕೂ ಹಾಸಿಗೆಯಿಂದ ಏಳೋಕೂ ಆಗ್ತಿಲ್ಲ, 10 ದಿನದಿಂದ’ ಅಂತ ಹೇಳಿ ನೋಡು. ಮೊಮ್ಮಗಳಾ ಅಂತ ಕೇಳೋಲ್ಲ ಆಮೇಲೆ. ಒಳಗೆ ಹೋಗೋ ಮುಂಚೆ ಇದನ್ನ ಡೈರೀಲಿ ಮೂರು ಸಾಲು ಬರ್ಕೊಂಡು ನಿಂತ್ಕೋ, ಬಾಯಿಪಾಠ ಬೇಡ, ನೋಡ್ಕೊಂಡೇ ಹೇಳು, ತಪ್ಪೇನಿಲ್ಲ.

ಇನ್ನೊಂದು ಸಣ್ಣ ವಿಷ್ಯ, ಯಾರೂ ಹೇಳ್ಕೊಡಲ್ಲ. ವಯಸ್ಸಾದ ಕಿವಿಗೆ ಮೊದ್ಲು ಕೇಳ್ಸದೇ ಹೋಗೋದು ಸಣ್ಣ ದನಿ, ಕೀರಲು ದನಿ. ಹೆದರಿದಾಗ ನಮ್ಮ ಹೆಣ್ಮಕ್ಕಳ ದನಿ ಇನ್ನೂ ಮೇಲಕ್ಕೆ ಹೋಗುತ್ತೆ, ಅವರಿಗೆ ಕೇಳ್ಸಲ್ಲ, ‘ಆಂ?’ ಅಂತಾರೆ, ನಾವು ನಮ್ಮ ಮಾತೇ ಸರಿಯಿಲ್ಲ ಅಂದ್ಕೊಂಡು ಇನ್ನೂ ಕುಗ್ಗಿ ಹೋಗ್ತೀವಿ. ಕೂಗ್ಬೇಡ. ಬೆಳಕು ನಿನ್ನ ಮುಖದ ಮೇಲೆ ಬೀಳೋ ಹಾಗೆ ಎದುರು ಕೂತು, ದನಿ ಇಳ್ಸಿ, ನಿಧಾನಕ್ಕೆ ಮಾತಾಡು. ಮತ್ತೆ ಎಲ್ರನ್ನೂ ತಾತ ಅಜ್ಜಿ ಅನ್ಬೇಡ, ಹೆಂಗೆ ಕರೀಲಿ ಅಂತ ಕೇಳು, ರಿಟೈರ್ಡ್ ಹೆಡ್ಮಾಷ್ಟ್ರಿಗೆ ಮೇಷ್ಟ್ರೇ ಅಂದ್ರೇನೇ ಜೀವ.

ಪ್ರಶ್ನೆ: ಮೇಡಂ, ನಾನು ಸಕಲೇಶಪುರ ಕಡೆಯವನು, ವಯಸ್ಸು 36, ಹಿರಿಯರ ಸಹಾಯಕ್ಕೆ ಇರೋ ಒಂದು ಸಂಸ್ಥೇಲಿ ಫೀಲ್ಡ್ ಕೆಲಸ. ಒಬ್ಬರು 79 ವರ್ಷದ ಸಾವ್ಕಾರ್ರು, 6 ಎಕರೆ ಕಾಫಿ ತೋಟ ಮಗನಿಗೆ ದಾನಪತ್ರ ಮಾಡ್ಕೊಟ್ಟಿದಾರೆ, ಈಗ ಅವರನ್ನ ತೋಟದ ಆಳುಗಳಿಗೆ ಅಂತ ಸಾಲಾಗಿ ಕಟ್ಟಿರೋ, ಖಾಲಿ ಬಿದ್ದಿದ್ದ ಲೈನ್ ಮನೇಲಿ ಇಟ್ಟಿದಾರೆ, ಊಟ ಒಂದು ಡಬ್ಬೀಲಿ ಬರುತ್ತೆ, ಬಂದ್ರೆ ಬಂತು. ಮಾತಾಡೋಕೆ ಹೋದ್ರೆ ಮಗ ಜಗಲಿ ಮೇಲೆ ನಿಂತು ‘ನಮ್ಮ ಮನೆ ವಿಷ್ಯ, ನೀನ್ಯಾವನೋ ಕೇಳೋಕೆ’ ಅಂದ. ನಾನು ವಾಪಸ್ ಬಂದೆ. ನಿಜ ಹೇಳ್ಬೇಕಂದ್ರೆ ನಮ್ಮಪ್ಪ ಅಮ್ಮ ಅಂಥದ್ದೇ ತೋಟದ ಲೈನ್ ಮನೇಲಿ ಬದುಕಿದೋರು, ಆ ಜಗಲಿ ಮೆಟ್ಲು ಹತ್ತೋಕೇ ನಂಗೆ ಕಾಲು ಬರಲ್ಲ. ಸಾವ್ಕಾರ್ರೂ ಬೇರೆ ‘ಕಂಪ್ಲೇಂಟ್ ಗಿಂಪ್ಲೇಂಟ್ ಬೇಡ ಮಾರಾಯ, ಮರ್ಯಾದೆ ಹೋಗುತ್ತೆ’ ಅಂತಿದಾರೆ. ನನ್ನಂಥೋನು ಈ ಕೆಲಸಕ್ಕೆ ಲಾಯಕ್ಕಾ?

ಉತ್ತರ: ಕಾಲು ಬರಲ್ಲ ಅಂದ್ರಲ್ಲ, ಆ ಒಂದು ಸಾಲಿಗೆ ನಾನು ತುಂಬಾ ಹೊತ್ತು ಕೂತಿದ್ದೆ ಅಪ್ಪಾ. ಆತ್ಮವಿಶ್ವಾಸ ಅಂತ ಟ್ರೈನಿಂಗಲ್ಲಿ ಹೇಳ್ಕೊಡ್ತಾರಲ್ಲ, ಕಣ್ಣಲ್ಲಿ ಕಣ್ಣಿಟ್ಟು ನೋಡಿ, ನೆಟ್ಟಗೆ ನಿಲ್ಲಿ ಅಂತ, ಅದನ್ನ ಹೇಳೋರು ಯಾರೂ ನಿಮ್ಮಪ್ಪ ನಿಂತ ಅಂಗಳದಲ್ಲಿ ನಿಂತಿಲ್ಲ. ಆ ಮೆಟ್ಲು ನಿಮಗೆ ಭಾರ ಆಗೋದು ನಿಮ್ಮ ಸ್ವಭಾವದ ದೋಷ ಅಲ್ಲ, ಆ ಮೆಟ್ಲನ್ನ ಕಟ್ಟಿದ್ದೇ ಹಾಗೆ. ಅದಕ್ಕೆ ಒಬ್ರೇ ಹೋಗ್ಬೇಡಿ. ಸಂಸ್ಥೆಯಿಂದ ಇನ್ನೊಬ್ರನ್ನ ಕರ್ಕೊಂಡು, ಲೆಟರ್‌ಹೆಡ್ ಮೇಲೆ ಬರೆದ ಕಾಗದ ಇಟ್ಕೊಂಡು ಹೋಗಿ. ಇದು ಹೇಡಿತನ ಅಂತ ಅನ್ಕೋಬೇಡಿ, ಪೊಲೀಸ್ನೋರೂ ಇಬ್ರಿಬ್ರೇ ಹೋಗೋದು.

‘ನೀನ್ಯಾವನು ಕೇಳೋಕೆ’ ಅನ್ನೋದಕ್ಕೆ ಉತ್ತರ ಕಾಯಿದೇಲಿದೆ, ಅದನ್ನ ನಿಮ್ಮ ಮನೆ ವಿಳಾಸದಷ್ಟು ಸಲೀಸಾಗಿ ಹೇಳೋ ಹಾಗೆ ಕಲೀರಿ, ಯಾಕಂದ್ರೆ ಕಾಯಿದೆ ಅರ್ಧಂಬರ್ಧ ಗೊತ್ತಿದ್ರೆ ದನಿ ನಡುಗುತ್ತೆ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯಿದೆ, 2007ರದ್ದು. 60 ತುಂಬಿದ ಯಾರೇ ಆಗ್ಲಿ, ಸ್ವಂತ ಗಳಿಕೆ ಆಸ್ತಿಯಿಂದ ಬದುಕೋಕೆ ಆಗ್ದಿದ್ರೆ ಮಕ್ಕಳಿಂದ ಜೀವನಾಂಶ ಕೇಳ್ಬಹುದು, ತಿಂಗಳಿಗೆ 10,000 ರೂಪಾಯಿವರೆಗೆ. ಅರ್ಜಿ ಕೊಡೋದು ಉಪವಿಭಾಗಾಧಿಕಾರಿ ನಡೆಸೋ ನ್ಯಾಯಮಂಡಳಿಗೆ, ಜನ ಎಸಿ ಕೋರ್ಟ್ ಅಂತಾರಲ್ಲ ಅದೇ, ಸಕಲೇಶಪುರದಲ್ಲೇ ಎಸಿ ಆಫೀಸಿದೆ, ಹಾಸನಕ್ಕೂ ಬರ್ಬೇಕಿಲ್ಲ. ಆ ವ್ಯಕ್ತಿಗೆ ಆಗ್ದಿದ್ರೆ ಅವರು ಒಪ್ಪಿ ಬರ್ಕೊಟ್ಟ ಬೇರೆ ವ್ಯಕ್ತಿ ಅಥವಾ ಸಂಸ್ಥೆ ಅರ್ಜಿ ಹಾಕ್ಬಹುದು, ಅಂದ್ರೆ ನೀವು ಯಾವನು ಅನ್ನೋದನ್ನ ಕಾಯಿದೇನೇ ಹೇಳಿದೆ. ಎದುರು ಪಾರ್ಟಿಗೆ ನೋಟಿಸ್ ಮುಟ್ಟಿದ ಮೇಲೆ 90 ದಿನದಲ್ಲಿ ತೀರ್ಮಾನ ಆಗ್ಬೇಕು, ವಿಶೇಷ ಕಾರಣ ಇದ್ರೆ ಇನ್ನೊಂದು 30 ದಿನ.

ದಾನಪತ್ರದ ವಿಷ್ಯ 23ನೇ ಕಲಂ. ನೋಡ್ಕೋತೀನಿ ಅನ್ನೋ ಷರತ್ತಿನ ಮೇಲೆ ಆಸ್ತಿ ಬರ್ಕೊಟ್ಟು, ಆಮೇಲೆ ನೋಡ್ಕೊಳ್ದಿದ್ರೆ, ಆ ಪತ್ರಾನ ರದ್ದು ಮಾಡ್ಸೋಕೆ ಅವಕಾಶ ಇದೆ. ಷರತ್ತು ಇರ್ಲೇಬೇಕು ಅಂತ ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಹೇಳ್ತು. 2025ರ ಜನವರೀಲಿ ಇನ್ನೊಂದು ಕೇಸಲ್ಲಿ, ಮಗ ಬೇರೆ ಕಾಗದದಲ್ಲಿ ಬರ್ಕೊಟ್ಟಿದ್ದ ವಚನಾನೂ ಲೆಕ್ಕಕ್ಕೆ ತಗೊಂಡು ತಾಯಿಗೆ ಆಸ್ತಿ ವಾಪಸ್ ಕೊಡ್ಸ್ತು, ಈ ಕಾಯಿದೇನ ಹಿರಿಯರ ಕಡೆ ವಾಲಿಸಿ ಓದ್ಬೇಕು ಅಂತ. ಅದಕ್ಕೇ ಮೊದ್ಲು ಸಬ್ ರಿಜಿಸ್ಟ್ರಾರ್ ಆಫೀಸಿಂದ ಆ ದಾನಪತ್ರದ ನಕಲು ತೆಗ್ಸಿ ಓದಿ, ಆಮೇಲೆ ಜಗಲಿ ಕಡೆ ನಡೀರಿ. ಹಿರಿಯರನ್ನ ನಡುನೀರಲ್ಲಿ ಬಿಟ್ಟುಹೋದೋರಿಗೆ 3 ತಿಂಗಳವರೆಗೆ ಜೈಲು ಅನ್ನೋ ಕಲಮೂ ಇದೆ, ಆದ್ರೆ ಅದನ್ನ ಮೊದಲನೇ ದಿನಾನೇ ಜೇಬಿಂದ ತೆಗೀಬೇಡಿ. ತೆಗೆದ್ರೆ ಡಬ್ಬಿ ಊಟಾನೂ ನಿಲ್ಲುತ್ತೆ.

ಇಷ್ಟೆಲ್ಲಾ ಗೊತ್ತಿದ್ರೂ ಸಾವ್ಕಾರ್ರು ಬೇಡ ಅಂದ್ರೆ ಬೇಡವೇ. ಅವರ ಬುದ್ಧಿ ಸ್ಥಿಮಿತದಲ್ಲಿದೆ, ಜೀವ ಅಪಾಯದಲ್ಲಿಲ್ಲ ಅಂದ್ರೆ ತೀರ್ಮಾನ ಅವರದ್ದು. ನಮ್ಮ ಕೆಲಸದಲ್ಲಿ ಎಳೇ ಹುಡುಗ್ರು ಸೋಲೋದು ಇಲ್ಲೇ, ಕ್ಲೈಂಟ್ ಬೇಡ ಅಂದ್ರು ಅಂದ್ರೆ ನಾನು ಫೇಲ್ ಅಂದ್ಕೋತಾರೆ. ನೀವು ಮಾಡ್ಬೇಕಾಗಿರೋದು ಅವರ ಮುಂದೆ ದಾರಿಗಳನ್ನ ಇಡೋದು, ಎಸಿ ಕೋರ್ಟ್ ಒಂದೇ ಅಲ್ಲ, ನ್ಯಾಯಮಂಡಳಿ ಮೊದ್ಲು ಸಂಧಾನಕ್ಕೂ ಕಳಿಸ್ಬಹುದು, ಊರಲ್ಲಿ ಮಗ ಯಾರ ಮಾತು ಕೇಳ್ತಾನೋ ಅಂಥ ಹಿರಿಯರನ್ನ ಕೂರ್ಸಿ ಮಾತಾಡ್ಬಹುದು, 14567 ಅನ್ನೋ, ಹಿರಿಯರ ಸಹಾಯಕ್ಕಿರೋ ಎಲ್ಡರ್‌ಲೈನ್ ನಂಬರ್ ಒಂದು ಚೀಟೀಲಿ ದೊಡ್ಡಕ್ಷರದಲ್ಲಿ ಬರ್ದು ಗೋಡೆಗೆ ಅಂಟಿಸ್ಬಹುದು. ಆಮೇಲೆ ವಾರಕ್ಕೊಂದ್ಸಲ ಹೋಗ್ತಾ ಇರಿ. ಊಟ ಬಂತಾ, ಬಿಸಿ ಇತ್ತಾ, ರಾತ್ರಿ ಚಳಿಗೆ ಕಂಬಳಿ ಇದ್ಯಾ, ತಾರೀಕು ಹಾಕಿ ಬರ್ದಿಡಿ. ಅವರು ಒಂದಿನ ‘ಹಾಕ್ಬಿಡು ಮಾರಾಯ ಅರ್ಜಿ’ ಅಂದ್ರೆ ಆ ಡೈರೀನೇ ನಿಮ್ಮ ಕೈಗೆ ಬರೋ ಬಲ.

ಇನ್ನೊಂದು ಮಾತು, ಹೇಳ್ಲೋ ಬೇಡ್ವೋ ಅಂತ ಯೋಚ್ನೆ ಮಾಡಿ ಹೇಳ್ತಿದೀನಿ. ಲೈನ್ ಮನೇಲಿ ಸೋರೋದೆಲ್ಲಿ, ಹೊಗೆ ನಿಲ್ಲೋದೆಲ್ಲಿ, ರಾತ್ರಿ ಹೊರಗೆ ಹೋಗೋಕೆ ಎಷ್ಟು ಭಯ ಅನ್ನೋದು ನಿಮಗೆ ಗೊತ್ತಿರೋ ಹಾಗೆ ನಿಮ್ಮ ಆಫೀಸಲ್ಲಿ ಬೇರೆ ಯಾರಿಗೆ ಗೊತ್ತಿದೆ? ಆ ಮುದುಕರಿಗೆ ಈಗ ಅಲ್ಲಿ ಬದುಕೋದು ಹೇಗೆ ಅಂತ ಹೇಳ್ಕೊಡೋಕೂ ನೀವೇ ಆಗ್ಬೇಕು. ವಿಚಿತ್ರ ಆದ್ರೂ ನಿಜ.

ಪ್ರಶ್ನೆ: ನಾನು ಪಿಯುಸಿ ಓದಿ ಪಂಚಾಯ್ತಿ ಮಟ್ಟದಲ್ಲಿ ಅಂಗವಿಕಲರು, ವಯಸ್ಸಾದೋರ ಕೆಲಸ ನೋಡ್ಕೋತೀನಿ. ಎಂಎಸ್‌ಡಬ್ಲ್ಯೂ ಮಾಡಿರೋರು ‘ನೀವು ಸೋಶಿಯಲ್ ವರ್ಕರ್ ಅಂತ ಹೇಳ್ಕೋಬಾರ್ದು’ ಅಂತಾರೆ. ಹೌದಾ?

ಉತ್ತರ: ಲಾಯರ್‌ಗೆ, ನರ್ಸ್‌ಗೆ ಇರೋ ಥರ ಎಲ್ಲಾ ಸೋಶಿಯಲ್ ವರ್ಕರ್‌ಗೂ ಅನ್ವಯ ಆಗೋ ಲೈಸೆನ್ಸ್ ಕಾಯಿದೆ ನಮ್ಮ ದೇಶದಲ್ಲಿ ಇಲ್ಲ. 2021ರಲ್ಲಿ ಆರೋಗ್ಯ ಸಂಬಂಧಿ ವೃತ್ತಿಗಳಿಗೆ ಅಂತ ಬಂದ ಕಾಯಿದೇಲಿ ಆಸ್ಪತ್ರೆ ಮತ್ತು ಮಾನಸಿಕ ಆರೋಗ್ಯದ ಸೋಶಿಯಲ್ ವರ್ಕರ್‌ಗಳನ್ನ ಸೇರ್ಸಿದಾರೆ, ಆ ಹುದ್ದೆ ಹೆಸರು ಮಾತ್ರ ನೀವು ಹಾಕ್ಕೋಬೇಡಿ. ಉಳಿದಂತೆ ನಿಮ್ಮ ಹುದ್ದೆ ಏನೋ ಅದನ್ನೇ ಗಟ್ಟಿಯಾಗಿ ಹೇಳಿ. ಊರಲ್ಲಿ ಯಾರ ಮನೇಲಿ ಯಾರು ಹಾಸಿಗೆ ಹಿಡಿದಿದಾರೆ ಅಂತ ನಿಮಗೆ ಬಾಯಲ್ಲೇ ಗೊತ್ತಿರುತ್ತೆ, ಎಂಎಸ್‌ಡಬ್ಲ್ಯೂನೋರು ಅದನ್ನ ಸರ್ವೆ ಮಾಡಿ ತಿಳ್ಕೋಬೇಕು. ಅವರಿಗೆ ಗೊತ್ತಿರೋ ಒಂದಷ್ಟು ವಿಷ್ಯ ನಿಮಗೆ ಗೊತ್ತಿಲ್ಲ, ಅದನ್ನ ಕೇಳಿ ಕಲೀರಿ. ಖಿನ್ನತೆ ಇದ್ಯಾ ಅಂತ ಅಂದಾಜು ಮಾಡೋಕೆ ಹಿರಿಯರಿಗೇ ಅಂತ 15 ಪ್ರಶ್ನೆದು ಒಂದು ಪಟ್ಟಿ ಇದೆ, ಹೌದು ಇಲ್ಲ ಅಷ್ಟೇ ಉತ್ತರ, 5ಕ್ಕಿಂತ ಜಾಸ್ತಿ ಬಂದ್ರೆ ಡಾಕ್ಟ್ರ ಹತ್ರ ಕಳಿಸ್ಬೇಕು. ಅದನ್ನ ಹೇಳ್ಕೊಡಿ ಅಂತ ಅವರನ್ನೇ ಕೇಳಿ, ಜಗಳಾನೂ ತಣ್ಣಗಾಗುತ್ತೆ.

ಪ್ರಶ್ನೆ: ಚಿಕ್ಕಮಗಳೂರಿಂದ ಬರೀತಿದೀನಿ. 17 ವರ್ಷದ ಅನುಭವ, ಕೈಕೆಳಗೆ 5 ಜನ ಇದಾರೆ. ಒಬ್ಬರು ತಾತನ ಮನೆಗೆ ವರ್ಷದಿಂದ ಹೋಗ್ತಿದ್ದೆ. ಮಗ ಸೊಸೆ ನಗ್ತಾ ಮಾತಾಡೋರು, ಕಾಫಿ ಕೊಡೋರು, ಫೈಲ್ ಮೇಲೆ ‘ತೊಂದರೆ ಇಲ್ಲ’ ಅಂತ ನಾನೇ ಬರ್ದಿದ್ದೆ. ಕಾಫಿ ಕುಯ್ಲು ಟೈಮಲ್ಲಿ ನನ್ನ ಜೂನಿಯರ್ ಹುಡುಗಿ ಹೇಳದೆ ಕೇಳದೆ ಮಧ್ಯಾಹ್ನ ಹೋದ್ರೆ ತಾತನ್ನ ಹಿಂದಿನ ರೂಮಲ್ಲಿ ಹಾಕಿ ಚಿಲಕ ಹಾಕ್ಕೊಂಡು ಎಲ್ರೂ ತೋಟಕ್ಕೆ ಹೋಗಿದ್ರು, ಒಂದು ಬಾಟ್ಲಿ ನೀರು, ಒಂದು ಬಕೆಟ್ಟು. ಆವತ್ತಿಂದ ನಂಗೆ ಒಂದು ರಿಪೋರ್ಟಿಗೂ ಸೈನ್ ಹಾಕೋಕೆ ಆಗ್ತಿಲ್ಲ. ಮೂರ್ಮೂರು ಸಲ ಓದ್ತೀನಿ, ಜೂನಿಯರ್‌ಗಳಿಗೆ ಫೋನ್ ಮೇಲೆ ಫೋನ್ ಮಾಡ್ತೀನಿ. 17 ವರ್ಷ ಕಲ್ತಿದ್ದೆಲ್ಲಾ ಎಲ್ಲಿಗೆ ಹೋಯ್ತು?

ಉತ್ತರ: ನಿಮಗೆ ಸಮಾಧಾನ ಹೇಳೋ ಮುಂಚೆ ನನ್ನದೊಂದು ಕೇಳಿ. ಕೆಲಸಕ್ಕೆ ಸೇರಿ 14 ವರ್ಷ ಆಗಿತ್ತು, ಒಂದು ಆಸ್ಪತ್ರೇಲಿದ್ದೆ. 72 ವರ್ಷದ ಹೆಂಗಸು, ಮಕ್ಕಳ ಗುರುತು ಸಿಗ್ತಿಲ್ಲ, ರಾತ್ರಿ ಎದ್ದು ಸತ್ತುಹೋದ ಗಂಡನ್ನ ಕರೀತಾರೆ. ಮರೆವಿನ ಕಾಯಿಲೆ ಅಂತ ನೋಡಿದ ತಕ್ಷಣ ಅಂದ್ಕೊಂಡೆ, ಎಷ್ಟು ನೋಡಿಲ್ಲ ನಾನು ಅನ್ನೋ ಜಂಬ. ಮಕ್ಕಳನ್ನ ಕೂರ್ಸಿ ಇದು ವಾಸಿ ಆಗಲ್ಲ, ಇನ್ಮೇಲೆ ಹೀಗೇ ಅಂತ ತಿಳಿಹೇಳಿ ವೃದ್ಧಾಶ್ರಮದ ವಿಳಾಸಾನೂ ಕೊಟ್ಟೆ. ಹೊಸದಾಗಿ ಸೇರಿದ್ದ ನರ್ಸ್ ಒಬ್ಳು ‘ಮೇಡಂ, ಹೋದ ಶುಕ್ರವಾರದವರೆಗೂ ಇವರು ಚೀಟಿ ದುಡ್ಡಿನ ಲೆಕ್ಕ ಬರೀತಿದ್ರಂತೆ’ ಅಂದ್ಳು. ಅಷ್ಟೇ ಸಾಕಾಗಿತ್ತು, ನಾನು ಕೇಳ್ದೇ ಇದ್ದ ಪ್ರಶ್ನೆ ಅದು, ಯಾವಾಗಿಂದ ಅನ್ನೋದು. ಮರೆವಿನ ಕಾಯಿಲೆ ತಿಂಗಳುಗಟ್ಲೆ ವರ್ಷಗಟ್ಲೆ ತಗೊಂಡು ಬರುತ್ತೆ, ನಾಲ್ಕು ದಿನದಲ್ಲಿ ಬುದ್ಧಿ ಕಲಕಿದ್ರೆ, ಹಗಲು ಸ್ವಲ್ಪ ಸರಿ ರಾತ್ರಿ ಜಾಸ್ತಿ ಅಂತಿದ್ರೆ, ಮೊದ್ಲು ಹುಡುಕ್ಬೇಕಾಗಿರೋದು ಮೂತ್ರದ ಸೋಂಕು, ಮಲಬದ್ಧತೆ, ನೀರು ಕಮ್ಮಿ ಆಗಿರೋದು, ಹೊಸದಾಗಿ ಶುರುವಾದ ಮಾತ್ರೆ. ಆಯಮ್ಮನಿಗೆ ಇದ್ದಿದ್ದು ಮೂತ್ರದ ಸೋಂಕು. 9 ದಿನಕ್ಕೆ ಎದ್ದು ಕೂತ್ರು, ಕೂತು ನನ್ನನ್ನ ಕರ್ಸಿ ಕೇಳಿದ್ರು, ‘ನನ್ನ ಆಶ್ರಮಕ್ಕೆ ಕಳ್ಸಿ ಅಂದೋಳು ನೀನೇ ಅಂತೆ?’

ಹೌದಮ್ಮ ನಾನೇ, ತಪ್ಪಾಯ್ತು ಅಂದೆ. ಅವರು ಕ್ಷಮಿಸಿದ್ರು ಅಂತ ಹೇಳಲ್ಲ, ಮುಖ ಆ ಕಡೆ ತಿರುಗಿಸ್ಕೊಂಡ್ರು. ಮಾರನೇ ದಿನ ಮತ್ತೆ ಹೋದೆ, ಡಿಸ್ಚಾರ್ಜ್ ಆಗೋವರೆಗೂ ದಿನಾ ಹೋದೆ.

ನಿಮ್ಮ ಕಾಗದದಲ್ಲಿ ಎಲ್ಲಾ ಇದೆ, ಆಮೇಲೆ ಆ ತಾತನ್ನ ನೋಡೋಕೆ ಹೋಗಿದ್ರಾ ಅನ್ನೋದು ಮಾತ್ರ ಇಲ್ಲ. ಹೋಗಿಲ್ಲ ಅಂತ ನನ್ನ ಊಹೆ. ಜೂನಿಯರನ್ನ ಕಳಿಸ್ತಿದೀರ, ಅವಳು ಬಂದು ಹೇಳಿದ್ದನ್ನ ಮೂರು ಸಲ ಓದ್ತಿದೀರ. ಈ ವಾರಾನೇ ನೀವೇ ಹೋಗಿ. ಸೋಫಾ ಮೇಲೆ ಕೂತ್ಕೋಬೇಡಿ, ತಾತನ ಮಂಚದ ಮೇಲೆ ಕೂತ್ಕೊಳಿ. ಅವರನ್ನ ಒಬ್ರನ್ನೇ ಹೊರಗೆ ಅಂಗಳಕ್ಕೆ ಕರ್ಕೊಂಡು ಹೋಗಿ 10 ನಿಮಿಷ ಮಾತಾಡಿ. ಚಿಲಕ ಬಾಗಿಲಿನ ಯಾವ ಕಡೆಗಿದೆ ನೋಡಿ, ಬಚ್ಚಲು ನೋಡಿ, ಹಾಸಿಗೆ ಮೂಸಿ ನೋಡಿ. ನೀವು ಆವಾಗ ಮೋಸ ಹೋಗಿದ್ದು ಕಮ್ಮಿ ಓದಿದ್ರಿಂದ ಅಲ್ಲ, ನಗುಮುಖದ ಕಾಫಿ ಕುಡಿದು ಹಾಲ್‌ನಿಂದಲೇ ವಾಪಸ್ ಬಂದಿದ್ರಿಂದ. ರಿಪೋರ್ಟ್ ನೂರು ಸಲ ಓದಿದ್ರೂ ಅದರಲ್ಲಿ ಚಿಲಕ ಕಾಣ್ಸಲ್ಲ.

ಮಗ ಸೊಸೇನ ರಾಕ್ಷಸರು ಅಂದ್ಕೊಂಡು ಹೋಗ್ಬೇಡಿ, ಅದೂ ಇನ್ನೊಂದು ಥರದ ಜಂಬ. ಕುಯ್ಲು ಟೈಮಲ್ಲಿ ಆಳು ಸಿಗಲ್ಲ, ಮನೇಲಿ ಒಬ್ರೂ ಉಳಿಯೋಕಾಗಲ್ಲ, ತಾತ ಹೊರಗೆ ಹೋಗಿ ದಾರಿ ತಪ್ತಾರೆ ಅನ್ನೋ ಭಯಕ್ಕೂ ಜನ ಚಿಲಕ ಹಾಕ್ತಾರೆ. ಹಾಕಿದ್ದು ತಪ್ಪೇ. ಆದ್ರೆ ಆ ಎರಡು ತಿಂಗಳು ಮಧ್ಯಾಹ್ನ ತಾತನ ಜೊತೆ ಯಾರಿರ್ತಾರೆ ಅನ್ನೋದು ಬಗೆಹರಿಯದೆ ನೀವು ಬೈದು ಬಂದ್ರೆ, ಚಿಲಕ ಹೋಗಿ ಬೀಗ ಬರುತ್ತೆ.

ಇನ್ನು ಆ 5 ಜನ. ಕಡುಶಿನ್ ಅಂತ ಅಮೆರಿಕದ ಸೋಶಿಯಲ್ ವರ್ಕ್ ಮೇಷ್ಟ್ರು ಒಬ್ರು 1976ರಲ್ಲಿ ಸೂಪರ್‌ವೈಸರ್ ಕೆಲಸ ಮೂರು ಅಂತ ಬರೆದ್ರು, ಕೆಲಸ ನಡೆಸೋದು, ಕಲಿಸೋದು, ಬೆನ್ನಿಗೆ ನಿಲ್ಲೋದು. ನೀವೀಗ ಮೊದಲನೇದನ್ನ ಮಾತ್ರ ಮಾಡ್ತಿದೀರ, ಅದೂ ಫೋನ್‌ನಲ್ಲಿ. ಮುಂದಿನ ಮೀಟಿಂಗಲ್ಲಿ ಆ ಫೈಲ್ ಟೇಬಲ್ ಮೇಲೆ ಇಡಿ, ನಾನು ಇಲ್ಲಿ ತಪ್ಪಿದೆ, ಹೀಗೆ ತಪ್ಪಿದೆ ಅಂತ ಹೇಳಿ. ನಾನು ಹಾಗೆ ಹೇಳಿದ ವಾರಾನೇ ಇಬ್ರು ಹುಡುಗ್ರು ತಮ್ಮ ಫೈಲ್ ತಗೊಂಡು ಬಂದು ‘ಮೇಡಂ ಇದ್ರಲ್ಲೂ ಏನೋ ಸರಿಯಿಲ್ಲ ಅನ್ನಿಸ್ತಿದೆ’ ಅಂದ್ರು, ಅಲ್ಲಿವರೆಗೂ ನನ್ನ ಮುಂದೆ ಬಾಯಿ ಬಿಡೋಕೆ ಹೆದ್ರಿದ್ರಂತೆ. ಆ ಹುಡುಗಿಗೆ, ಹೇಳದೆ ಕೇಳದೆ ಹೋದೋಳಿಗೆ, ಎಲ್ರ ಮುಂದೆ ಶಹಬ್ಬಾಸ್ ಅನ್ನಿ. ಮತ್ತೆ ನಿಮ್ಮ ಬೆನ್ನಿಗೆ ಯಾರಿದಾರೆ? ಮೇಲಿನೋರು ಅಂಕಿಅಂಶ ಮಾತ್ರ ಕೇಳ್ತಾರೆ ಅಂತ ಗೊತ್ತು. ಕಡೂರು, ತರೀಕೆರೆ, ಮೂಡಿಗೆರೆ ಕಡೆ ನಿಮ್ಮಂಥದ್ದೇ ಕೆಲಸ ಮಾಡೋರು ಮೂರು ನಾಲ್ಕು ಜನ ಸಿಕ್ತಾರೆ, ತಿಂಗಳಿಗೊಂದ್ಸಲ ಯಾರಾದ್ರೂ ಒಬ್ರ ಮನೇಲಿ ಕೂತು ಕೇಸ್ ಬಗ್ಗೆ ಮಾತಾಡಿ, ಹೆಸರು ಹೇಳದೆ. ಕಡುಬು ಇದ್ರೆ ಇನ್ನೂ ಒಳ್ಳೇದು.

ಪ್ರಶ್ನೆ: ನಾನು ಬೇಲೂರು ತಾಲ್ಲೂಕಿನ ನಿವೃತ್ತ ಶಿಕ್ಷಕ, ವಯಸ್ಸು 78. ಒಂಟಿಯಾಗಿದ್ದೇನೆ. ಸಂಸ್ಥೆಯೊಂದರಿಂದ 15 ದಿನಕ್ಕೊಮ್ಮೆ ಒಬ್ಬ ಹುಡುಗಿ ಬರುತ್ತಾಳೆ. ಒಳ್ಳೆಯ ಮಗು, ಆದರೆ ಚೀಟಿ ನೋಡಿಕೊಂಡು ಪ್ರಶ್ನೆ ಕೇಳುತ್ತಾಳೆ, ದನಿ ನಡುಗುತ್ತದೆ, ನಾನು ಸುಮ್ಮನೆ ನೋಡಿದರೂ ಬೆವರುತ್ತಾಳೆ. ಅವಳಿಗೆ ನಾನು ಏನಾದರೂ ಮಾಡಬಹುದೇ?

ಉತ್ತರ: ಮೇಷ್ಟ್ರೇ, ಈ ಸಲದ ಎಲ್ಲಾ ಕಾಗದದಲ್ಲಿ ನಿಮ್ಮದೇ ನಂಗೆ ತುಂಬಾ ಇಷ್ಟ ಆಗಿದ್ದು. ಮೊದ್ಲು ಆ ಥರ ಸುಮ್ನೆ ನೋಡೋದು ಬಿಡಿ, 35 ವರ್ಷ ಪಾಠ ಮಾಡಿದೋರ ನೋಟ ಹೆಂಗಿರುತ್ತೆ ಅಂತ ನಿಮಗೆ ಗೊತ್ತಾಗಲ್ಲ. ಆಮೇಲೆ ಅವಳಿಗೆ ಮುಗಿಸೋಕೆ ಆಗೋ ಅಂಥ ಒಂದು ಕೆಲಸ ಕೊಡಿ. ನವೆಂಬರ್‌ನಲ್ಲಿ ನಿಮ್ಮ ಪೆನ್ಷನ್‌ಗೆ ಲೈಫ್ ಸರ್ಟಿಫಿಕೇಟ್ ಕೊಡ್ಬೇಕಲ್ಲ, ಜೀವನ್ ಪ್ರಮಾಣ್ ಅಂತ ಮೊಬೈಲಲ್ಲೇ ಮುಖ ತೋರ್ಸಿ ಮಾಡೋದು ಬಂದಿದೆ, ನಿಮ್ಮ ಪೆನ್ಷನ್‌ಗೆ ಅದು ನಡೆಯುತ್ತಾ ಅಂತ ವಿಚಾರಿಸಿ ಮಾಡಿಸ್ಕೊಡಮ್ಮ ಅಂತ ಅವಳನ್ನೇ ಕೇಳಿ. ಗೊತ್ತಿಲ್ಲ ಅಂತಾಳೆ. ಕೇಳ್ಕೊಂಡು ಬಾ, ನಂಗೇನು ಅವಸರ ಇಲ್ಲ ಅನ್ನಿ. ಬೆಳಕು ಸಾಲ್ದೇ ನಿಮ್ಮ ಮುಖಾನ ಫೋನು ನಾಲ್ಕು ಸಲ ಬೇಡ ಅನ್ನುತ್ತೆ, ಆವಾಗ ಮಧ್ಯೆ ಬಾಯಿ ಹಾಕ್ಬೇಡಿ, ಅವಳೇ ನಿಮ್ಮನ್ನ ಕಿಟಕಿ ಹತ್ರ ಕೂರಿಸ್ಲಿ. ಕೆಲಸ ಆದ್ಮೇಲೆ ‘ಪರವಾಗಿಲ್ಲ ಕಣಮ್ಮ’ ಅನ್ನಿ, ಸಾಕು. ನಮ್ಮ ಕಡೆ ಮೇಷ್ಟ್ರು ಬಾಯಲ್ಲಿ ಪರವಾಗಿಲ್ಲ ಅಂತ ಬಂದ್ರೆ 100ಕ್ಕೆ 90 ಅಂತ ಅವಳಿಗೂ ಗೊತ್ತಿರುತ್ತೆ.